ಮಳೆಗಾಲದ ರಂಗೋಲಿ

ನಮ್ಮ ಮಲೆನಾಡಿನ ಸಾಗರದ ಕಡೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಅಂಗಳದ ರಂಗೋಲಿಗೆ ಮೂರು ತಿಂಗಳು ರಜೆ. ಹಾಕಿ ಒಳಗೆ ಬರುವಷ್ಟರಲ್ಲಿ ಅಳಿಸಿ ಹೋಗಿರುತ್ತದೆ. ಆದರೆ ಮೂವತ್ತು ವರ್ಷ ಚುಕ್ಕಿ ಇಟ್ಟ ಕೈ ಸುಮ್ಮನಿರಬೇಕಲ್ಲ. ಹೋದ ಮಳೆಗಾಲ ಮಗಳು ಬೆಂಗಳೂರಿಂದ ಎರಡು ಪೆನ್ನು ತಂದುಕೊಟ್ಟು, "ಅಮ್ಮಾ, ಝೆಂಟ್ಯಾಂಗಲ್ ಅಂತ ಇದೆ, ನೀನು ಸಲೀಸಾಗಿ ಮಾಡ್ತೀಯ" ಅಂದಳು.

ಅಮೆರಿಕದ ರಿಕ್ ರಾಬರ್ಟ್ಸ್, ಮರಿಯಾ ಥಾಮಸ್ ಇಬ್ಬರೂ ಸೇರಿ ರೂಪಿಸಿದ ಪದ್ಧತಿ ಇದು, ಸಣ್ಣ ಕಾರ್ಡಿನ ಮೇಲೆ ಒಂದೇ ಬಗೆಯ ಗೆರೆಗಳನ್ನು ಮತ್ತೆ ಮತ್ತೆ ಎಳೆದು ವಿನ್ಯಾಸ ಬಿಡಿಸುವುದು. ಆಕೆ ಚಂದದ ಅಕ್ಷರ ಬರೆಯುವ ಕಲಾವಿದೆ, ಆತ ಹಿಂದೊಮ್ಮೆ ಸನ್ಯಾಸಿಯಾಗಿದ್ದವನು. ಮೂರೂವರೆ ಇಂಚಿನ ಚೌಕ ಕಾರ್ಡು, 0.25 ಮಿ.ಮೀ. ಗೆರೆ ಬರುವ ಪೆನ್ನು, ನೆರಳಿಗೊಂದು ಪೆನ್ಸಿಲ್. ರಬ್ಬರ್ ಇಲ್ಲ.

ಕಾರ್ಡಿಗೆ ಹಳೆಯ ಮದುವೆ ಕಾಗದಗಳ ಬೆನ್ನನ್ನೇ ಕತ್ತರಿಸಿಕೊಂಡೆ. ಮಿರಿಮಿರಿ ಕಾಗದ ಉಪಯೋಗವಿಲ್ಲ, ಮಸಿ ಒಣಗದೆ ಅಂಗೈಗೆ ಬರುತ್ತದೆ. ಅದಕ್ಕಿಂತ ದೊಡ್ಡ ಕಾಟ ನಮ್ಮ ಥಂಡಿ. ಕಾಗದ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ ಗೆರೆ ಕದಡುತ್ತಿತ್ತು. ಬಚ್ಚಲೊಲೆ ಮೇಲಿಟ್ಟೆ, ಹೊಗೆ ಹಿಡಿದು ಹಳದಿಯಾಯಿತು. ಕೊನೆಗೆ ಬಿಸ್ಕತ್ತಿನ ಡಬ್ಬದಲ್ಲಿ ಹುರಿದ ಅಕ್ಕಿಯ ಗಂಟಿನ ಜೊತೆ ಇಟ್ಟ ಮೇಲೆ ಸರಿಹೋಯಿತು.

ಮೊದಲ ದಿನ ಸ್ಕೇಲ್ ಹಿಡಿದು ಚೌಕಳಿ ಹಾಕಿದೆ. ಬ್ಯಾಂಕಿನ ಪುಸ್ತಕದ ಹಾಗೆ ಕಂಡಿತು, ಜೀವವೇ ಇಲ್ಲ. ಆಮೇಲೆ ಪೆನ್ಸಿಲಿನಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಚುಕ್ಕಿ ಇಟ್ಟು, ಬರಿಗೈಯಲ್ಲೇ ಸೇರಿಸಿದೆ. ಒಂಬತ್ತು ಮನೆ. ಕೊಂಚ ಡೊಂಕಾದ ಚೌಕಳಿಯೇ ಚಂದ.

ನನ್ನನ್ನು ಕಟ್ಟಿಹಾಕಿದ್ದು ಪ್ಯಾರಡಾಕ್ಸ್ ಎಂಬ ವಿನ್ಯಾಸ. ಮನೆಯ ಒಂದು ಮೂಲೆಯಿಂದ ಹೊರಟ ಗೆರೆ ಮುಂದಿನ ಮೂಲೆಗೆ ಹೋಗಿ ಮುಟ್ಟಬಾರದು. ಅಕ್ಕಿಕಾಳಿನಷ್ಟು ಆಚೆಗೆ, ಪಕ್ಕದ ಬದಿಯಲ್ಲಿ ನಿಲ್ಲಬೇಕು. ಕಾರ್ಡು ತಿರುಗಿಸು, ನಿಂತಲ್ಲಿಂದ ಮತ್ತೆ ಹಾಗೇ. ನಡುಮಧ್ಯ ತುಂಬುವವರೆಗೂ ಇಷ್ಟೇ. ಎಳೆದದ್ದೆಲ್ಲ ನೇರ ಗೆರೆ, ಕಾಣುವುದು ಮಾತ್ರ ಸುರುಳಿ! ಪಕ್ಕದ ಮನೆಯಲ್ಲಿ ತಿರುವು ಉಲ್ಟಾ ಆಗಬೇಕು, ಆಗ ಎರಡೂ ಕೂಡಿ ಎಸಳು ಬಿಚ್ಚಿದ ಹಾಗೆ ಕಾಣುತ್ತದೆ. ಕೈ ತಿರುಗಿಸಬೇಡಿ, ಕಾರ್ಡು ತಿರುಗಿಸಿ. ಇದು ಗೊತ್ತಾಗದೆ ಮೊದಲ ವಾರ ಮಣಿಕಟ್ಟು ನೋಯಿಸಿಕೊಂಡೆ.

ಐದನೇ ಮನೆಯಲ್ಲೇ ನಾನು ಎಡವುತ್ತಿದ್ದದ್ದು. ಕರೆಂಟ್ ಹೋದಾಗ ಎದ್ದು ಚಿಮಣಿ ಹಚ್ಚಿ ಬಂದರೆ ಯಾವ ಕಡೆ ತಿರುಗುತ್ತಿದ್ದೆನೆಂಬುದೇ ಮರೆತಿರುತ್ತಿತ್ತು. ಇದರಲ್ಲಿ ತಪ್ಪೆಂಬುದೇ ಇಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ, ತಪ್ಪು ಕಣ್ಣಿಗೆ ಹೊಡೆಯುತ್ತದೆ. ಆ ಮನೆಗೆ ಪೂರ್ತಿ ಕಪ್ಪು ತುಂಬಿ ಮುಂದೆ ಹೋಗುತ್ತೇನೆ. ಈಗ ಶುರುಮಾಡುವ ಮೊದಲೇ ಪ್ರತಿ ಮನೆಗೂ ಪೆನ್ಸಿಲಿನಲ್ಲಿ ಸಣ್ಣ ಬಾಣ ಹಾಕಿಕೊಳ್ಳುವ ಅಭ್ಯಾಸವಾಗಿದೆ.

ಇದೂ ಒಂದು ಬಗೆಯ ಧ್ಯಾನ ಅನ್ನುತ್ತಾರೆ. ಧ್ಯಾನ ಗೀನ ನನಗೆ ತಿಳಿಯದು. ಒಂದು ಕಾರ್ಡು ಮುಗಿಯುವಷ್ಟು ಹೊತ್ತು ಮೊಬೈಲ್ ನೆನಪಾಗಲಿಲ್ಲ, ಅಷ್ಟು ಗೊತ್ತು. ಆದರೆ ನಿಧಾನ ಎಂದರೇನೆಂದು ಕಲಿಸಿದ್ದು ಆಚೆಮನೆ ಅಮ್ಮ. ದೀವರ ಸಮುದಾಯದ ಮನೆಗಳ ಗೋಡೆಚಿತ್ರವಾದ ಹಸೆ ಚಿತ್ತಾರ ಬಲ್ಲವರು, ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ ಅದ್ದಿ ಪುಂಡಿನಾರಿನಲ್ಲಿ ಎಳೆ ಬರೆದ ಕೈ. ನನ್ನ ಕಾರ್ಡು ನೋಡಿ, "ಗೆರೆ ಬರ್ತದೆ ಮಾರಾಯ್ತಿ, ನೀ ಓಡಬೇಡ" ಅಂದರು. ಆವತ್ತಿನಿಂದ ಗೆರೆ ನಡುಗುವುದು ಕಡಿಮೆಯಾಯಿತು.

ಅತ್ತೆಯವರದ್ದು ಬೇರೆ ತಕರಾರು. "ಎಂತದೇ ಅದು, ಅಂಗಳಕ್ಕೆ ಹಾಕೋ ಚುಕ್ಕಿನ ಚೀಟಿಗೆ ಹಾಕ್ತಾ ಕೂತಿದೀಯಲ್ಲ?" ಎನ್ನುತ್ತಿದ್ದರು. ದೀಪಾವಳಿ ಹೊತ್ತಿಗೆ ಬಿಸಿಲು ಬಂತು. ಅಂಗಳ ಸಾರಿಸಿ, ಅದೇ ಒಂಬತ್ತು ಮನೆಯನ್ನು ರಂಗೋಲಿ ಪುಡಿಯಲ್ಲಿ ಶುರುಮಾಡಿದೆ. ಅಂಗಳ ತಿರುಗಿಸಲಿಕ್ಕಾಗುತ್ತದೆಯೇ? ನಾನೇ ಸೊಂಟ ಬಗ್ಗಿಸಿಕೊಂಡು ಸುತ್ತತೊಡಗಿದೆ. ಅತ್ತೆ ಜಗಲಿಯಿಂದಲೇ ಕೇಳಿದರು, "ಯಾವ ದೇವರಿಗೆ ಪ್ರದಕ್ಷಿಣೆ?"