ಗಿಟಾರ್‌ಗೆ ಯಾವ ಪಿಕಪ್? ಮೊದಲು ವೇದಿಕೆ ನೋಡಿ

ಗಣೇಶೋತ್ಸವದ ಪೆಂಡಾಲ್‌ನಲ್ಲಿ ಅಕೂಸ್ಟಿಕ್ ಗಿಟಾರ್ ಮುಂದೆ ಮೈಕ್ ಇಟ್ಟು ನೋಡಿ. ಅದು ಪಕ್ಕದ ರಿದಂ ಪ್ಯಾಡ್, ಹಿಂದಿನ ಡೋಲಕ್, ಕಾಲ ಬಳಿಯ ಮಾನಿಟರ್ ಸ್ಪೀಕರ್ ಎಲ್ಲವನ್ನೂ ಹಿಡಿಯುತ್ತದೆ, ಗಿಟಾರ್ ಒಂದನ್ನು ಬಿಟ್ಟು. ಮೈಕನ್ನು ಜೋರು ಮಾಡಿದರೆ ಕುಂಯ್ ಎನ್ನುತ್ತದೆ. ಗಿಟಾರ್‌ನ ಕಂಪನವನ್ನೇ ಹಿಡಿದು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬೇಕಾಗುವುದು ಇಲ್ಲೇ. ಆದರೆ ಹೆಚ್ಚಿನವರು ಅದನ್ನು ಅಂಗಡಿಯ ಮೂಲೆಯಲ್ಲಿ ಕೂತು, ಪುಟ್ಟ ಆಂಪ್‌ಗೆ ಜೋಡಿಸಿ, ಮೆಲ್ಲಗೆ ಮೀಟಿ ಆರಿಸುತ್ತಾರೆ. ಅಲ್ಲಿ ಎಲ್ಲ ಪಿಕಪ್‌ಗಳೂ ಚೆನ್ನಾಗಿಯೇ ಕೇಳುತ್ತವೆ.

ನಿಮ್ಮ ವೇದಿಕೆ ಎಷ್ಟು ಜೋರು?

ಕೆಫೆಯಲ್ಲಿ ಒಬ್ಬರೇ ನುಡಿಸುತ್ತೀರಾ, ಸುಗಮ ಸಂಗೀತಕ್ಕೆ ತಬಲಾ–ಕೊಳಲಿನ ಜೊತೆ ಸಾಥ್ ಕೊಡುತ್ತೀರಾ, ಅಥವಾ ಡ್ರಮ್ಸ್ ಇರುವ ಬ್ಯಾಂಡ್‌ನಲ್ಲಿದ್ದೀರಾ? ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಸದ್ದು ಏರಿದಷ್ಟೂ ಸ್ಪೀಕರ್‌ನಿಂದ ಬಂದ ದನಿ ಗಿಟಾರ್‌ನ ಹಲಗೆಯನ್ನು ಅಲುಗಿಸಿ ಮತ್ತೆ ಪಿಕಪ್ ಸೇರುತ್ತದೆ, ಫೀಡ್‌ಬ್ಯಾಕ್ ಶುರುವಾಗುತ್ತದೆ. ಹಲಗೆಯ ದನಿಯನ್ನು ಚೆನ್ನಾಗಿ ಹಿಡಿಯುವ ಪಿಕಪ್‌ಗೆ ಈ ಕಾಟವೂ ಹೆಚ್ಚು. ನೈಜ ದನಿ ಮತ್ತು ಜೋರು ದನಿ ಎರಡೂ ಒಂದೇ ಪಿಕಪ್‌ನಲ್ಲಿ ಪೂರ್ತಿ ಸಿಗುವುದಿಲ್ಲ ಎಂದುಕೊಂಡೇ ಅಂಗಡಿಗೆ ಹೋಗಿ.

ನಾಲ್ಕು ಬಗೆ

ಎಲ್ಲೆಡೆ ಕಾಣುವುದು ಸ್ಯಾಡಲ್ ಕೆಳಗಿನ ಪೀಜೋ. ಬ್ರಿಜ್ (ತಂತಿಗಳ ಬುಡ ಸಿಕ್ಕಿಸುವ ಮರದ ತುಂಡು) ಮೇಲೆ ತಂತಿಗಳು ಒರಗುವ ಬಿಳಿ ಪಟ್ಟಿಯಿದೆಯಲ್ಲ, ಅದೇ ಸ್ಯಾಡಲ್, ಅದರ ಅಡಿಯಲ್ಲಿ ತೆಳ್ಳನೆಯ ಪಟ್ಟಿಯಾಗಿ ಇದು ಕೂರುತ್ತದೆ. ಒತ್ತಡ ಬಿದ್ದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಇಲ್ಲಿ ನಡೆಯುವುದೂ ಅದೇ. ಫಿಶ್‌ಮನ್ ಮ್ಯಾಟ್ರಿಕ್ಸ್, ಎಲ್.ಆರ್. ಬ್ಯಾಗ್ಸ್ ಎಲಿಮೆಂಟ್ ಈ ಜಾತಿಯವು. ಸಾಕಷ್ಟು ಜೋರಿಗೂ ಜಗ್ಗುವುದಿಲ್ಲ. ಆದರೆ ರಭಸದಿಂದ ಮೀಟಿದರೆ ದನಿ ಗಡಸಾಗಿ, ಪ್ಲಾಸ್ಟಿಕ್ ಬಡಿದಂತೆ ಬರುತ್ತದೆ.

ಎರಡನೆಯದು, ಗಿಟಾರ್ ಒಳಗೆ ಬ್ರಿಜ್ ಕೆಳಗಿನ ಮರಕ್ಕೆ ಅಂಟಿಸುವ ಪೀಜೋ ಬಿಲ್ಲೆಗಳು. ಕೆ ಆಂಡ್ ಕೆ ಪ್ಯೂರ್ ಮಿನಿಯಲ್ಲಿ ಇಂಥ ಮೂರು ಬಿಲ್ಲೆಗಳಿವೆ, ಬ್ಯಾಟರಿಯ ಗೊಡವೆಯಿಲ್ಲ. ದನಿ ಮರದ್ದೇ ಅನ್ನಿಸುತ್ತದೆ, ಬೆರಳಲ್ಲಿ ತಟ್ಟಿದ್ದೂ ಕೇಳುತ್ತದೆ. ಒಬ್ಬರೇ ಬೆರಳುಗಳಿಂದ ನುಡಿಸುವವರಿಗೆ ನನ್ನ ಆಯ್ಕೆ ಇದೇ. ಆದರೆ ಪ್ಲೈವುಡ್ ಗಿಟಾರ್ ಆದರೆ ಆ ಮರದ ಬಡತನವೂ ಸಭೆಗೆ ಕೇಳುತ್ತದೆ. ಡ್ರಮ್ಸ್ ಇರುವ ವೇದಿಕೆಯಲ್ಲಿ ಇದು ಬೇಗ ಹುಯ್ಯಲಿಡುತ್ತದೆ.

ಮೂರನೆಯದು ಸೌಂಡ್‌ಹೋಲ್‌ಗೆ (ಗಿಟಾರ್ ಮುಂಭಾಗದ ದುಂಡು ತೂತಿಗೆ) ಸಿಕ್ಕಿಸುವ ಮ್ಯಾಗ್ನೆಟಿಕ್. ಉಕ್ಕಿನ ತಂತಿಗೆ ಮಾತ್ರ, ನೈಲಾನ್ ತಂತಿಗೆ ಇದು ಕಿವುಡು. ಕಂಚು ಸುತ್ತಿದ ತಂತಿಯಲ್ಲೂ ಒಳಗಿನ ಉಕ್ಕಿನ ಎಳೆಯನ್ನಷ್ಟೇ ಗುರುತಿಸುವುದರಿಂದ ಕೆಳಗಿನ ಎರಡು ಬರಿ ತಂತಿಗಳು ಮಿಕ್ಕವಕ್ಕಿಂತ ಜೋರಾಗಿ ಕೇಳಬಹುದು. ಎತ್ತರ ಹೊಂದಿಸುವ ಪುಟ್ಟ ಸ್ಕ್ರೂಗಳಿರುವ ಮಾಡೆಲ್ ಸಿಕ್ಕರೆ ಅದನ್ನೇ ಕೊಳ್ಳಿ. ದನಿಯಲ್ಲಿ ಎಲೆಕ್ಟ್ರಿಕ್ ಗಿಟಾರ್‌ನ ಛಾಯೆ ಇರುತ್ತದೆ, ಆದರೆ ಗದ್ದಲದ ವೇದಿಕೆಯಲ್ಲಿ ಇದಕ್ಕಿಂತ ನಂಬಿಕಸ್ತ ಇನ್ನೊಂದಿಲ್ಲ. ಗಿಟಾರ್‌ಗೆ ತೂತು ಕೊರೆಯದೆ ಹಾಕಿ ತೆಗೆಯಬಹುದು.

ಇನ್ನು ಪೀಜೋ ಜೊತೆಗೆ ಒಳಗೆ ಪುಟ್ಟ ಮೈಕ್ ಇರುವ ಜೋಡಿ ವ್ಯವಸ್ಥೆಗಳು, ಬ್ಯಾಗ್ಸ್ ಆಂಥೆಮ್‌ನಂಥವು. ಶಾಂತ ಸಭಾಂಗಣದಲ್ಲಿ ಸೊಗಸು. ಪೆಂಡಾಲ್‌ನಲ್ಲಿ ಮೈಕನ್ನು ತಗ್ಗಿಸಿಯೇ ನುಡಿಸಬೇಕಾಗುತ್ತದೆ, ಹಾಗಾದರೆ ಅಷ್ಟು ದುಡ್ಡು ಯಾಕೆ?

ಪಿಕಪ್‌ಗಿಂತ ಮುಖ್ಯ: ಅದರ ಮುಂದಿನ ಪೆಟ್ಟಿಗೆ

ಹಣವನ್ನೆಲ್ಲ ಪಿಕಪ್‌ಗೇ ಸುರಿಯಬೇಡಿ. ಬ್ಯಾಟರಿಯಿಲ್ಲದ ಪೀಜೋವನ್ನು ನೇರ ಮಿಕ್ಸರ್‌ಗೆ ಚುಚ್ಚಿದರೆ ದನಿ ತಗಡಿನಂತೆ ತೆಳ್ಳಗಾಗುತ್ತದೆ, ಬೈಗುಳ ಪಿಕಪ್‌ಗೆ. ಕಾರಣ ಬೇರೆ. ಪೀಜೋ ಒಂದು ಸಣ್ಣ ಕೆಪ್ಯಾಸಿಟರ್‌ನಂತೆ ವರ್ತಿಸುತ್ತದೆ. ಅದರ ಮುಂದೆ ಕನಿಷ್ಠ 1 ಮೆಗಾಓಂ, ಅಂದರೆ ಹತ್ತು ಲಕ್ಷ ಓಂ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಂಕೇತಕ್ಕೆ ಒಡ್ಡುವ ತಡೆ) ಇರಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್‌ನಲ್ಲಿ ಇರುವುದು ಸಾಮಾನ್ಯವಾಗಿ ಹತ್ತಾರು ಸಾವಿರ ಓಂಗಳಷ್ಟೇ. ಪೀಜೋ ಮತ್ತು ಈ ಇನ್‌ಪುಟ್ ಸೇರಿ ಫಿಲ್ಟರ್ ಆಗಿ ಮಂದ್ರ ಸ್ವರಗಳನ್ನೆಲ್ಲ ಸೋಸಿ ಎಸೆಯುತ್ತವೆ. ಹಾಗಾಗಿ ಪೀಜೋಗೆಂದೇ ಮಾಡಿದ ಪ್ರಿಆಂಪ್ (ಸಂಕೇತವನ್ನು ಮೊದಲೇ ಬಲಪಡಿಸುವ ಪೆಟ್ಟಿಗೆ) ಅಥವಾ ಆಕ್ಟಿವ್ ಡಿಐ (ಗಿಟಾರ್ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ, ವಿದ್ಯುತ್ ಬೇಕಾಗುವ ಪೆಟ್ಟಿಗೆ) ಕೊಳ್ಳಿ. ಗಿಟಾರ್ ಒಳಗೇ 9 ವೋಲ್ಟ್ ಪ್ರಿಆಂಪ್ ಇದ್ದರೆ ಸೌಂಡ್‌ನವರು ಕೊಡುವ ಸಾದಾ ಪ್ಯಾಸಿವ್ ಡಿಐ ಸಾಕು.

ಪ್ರಿಆಂಪ್ ಆರಿಸುವಾಗ ಎರಡು ಗುಂಡಿ ಹುಡುಕಿ: ಫೇಸ್ ಮತ್ತು ನಾಚ್. ದೊಡ್ಡ ಮೈಯ ಡ್ರೆಡ್‌ನಾಟ್ ಗಿಟಾರ್‌ನ ಒಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ಗುಂಯ್‌ಗುಡುತ್ತದೆ, ಫೀಡ್‌ಬ್ಯಾಕ್ ಹೆಚ್ಚಾಗಿ ಏಳುವುದು ಅಲ್ಲೇ. ನಾಚ್ ಆ ಒಂದು ಜಾಗವನ್ನಷ್ಟೇ ಚಿವುಟಿ ತೆಗೆಯುತ್ತದೆ. ಫೇಸ್ ಅಂದರೆ ಸಂಕೇತದ ಏರಿಳಿತವನ್ನು ತಲೆಕೆಳಗು ಮಾಡುವ ಗುಂಡಿ; ಅದನ್ನು ತಿರುಗಿಸಿದರೆ ಎಷ್ಟೋ ಸಲ ಕೂಗು ತಾನಾಗಿ ನಿಲ್ಲುತ್ತದೆ. ಸೌಂಡ್‌ಹೋಲ್ ಮುಚ್ಚುವ ರಬ್ಬರ್ ಮುಚ್ಚಳವನ್ನೂ ಜೊತೆಗಿಟ್ಟುಕೊಳ್ಳಿ. ಅಗ್ಗದ ವಸ್ತು, ಕೆಲಸ ದೊಡ್ಡದು. ಗಡಸುತನ ಕಾಡಿದರೆ 1ರಿಂದ 3 ಕಿಲೋಹರ್ಟ್ಸ್ ನಡುವೆ ಕೊಂಚ ಇಳಿಸಿ.

ಕೂರಿಸುವಾಗ

ಸ್ಯಾಡಲ್ ಕೆಳಗಿನ ಪಿಕಪ್ ಅನ್ನು ರಿಪೇರಿ ಬಲ್ಲವರ ಕೈಗೇ ಕೊಡಿ. ಸ್ಯಾಡಲ್‌ನ ತಳ, ಅದು ಕೂರುವ ತೋಡು ಎರಡೂ ಸಮತಟ್ಟಾಗಿರಬೇಕು. ಒಂದು ತಂತಿ ಮಾತ್ರ ಕುಗ್ಗಿ ಕೇಳಿದರೆ ತಪ್ಪು ಸಾಮಾನ್ಯವಾಗಿ ಇಲ್ಲಿರುತ್ತದೆ. ಪಿಕಪ್‌ನ ದಪ್ಪದಷ್ಟು ಸ್ಯಾಡಲ್‌ನ ತಳ ಉಜ್ಜದಿದ್ದರೆ ತಂತಿ ಎತ್ತರವಾಗಿ ಬೆರಳು ನೋಯುತ್ತದೆ. ಕೇಬಲ್ ಸಿಕ್ಕಿಸುವ ಜ್ಯಾಕ್‌ಗಾಗಿ ಗಿಟಾರ್‌ನ ಬುಡದಲ್ಲಿ ಸುಮಾರು 12 ಮಿ.ಮೀ. ತೂತು ಕೊರೆಯುತ್ತಾರೆ. ಹಳೆಯ, ಬೆಲೆಬಾಳುವ ಗಿಟಾರ್ ಆದರೆ ಇದಕ್ಕೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಿ.

ಕೊಳ್ಳುವ ಮುನ್ನ, ನುಡಿಸುವ ಮುನ್ನ

ಆಯಾ ಪಿಕಪ್ ಹಾಕಿಸಿಕೊಂಡವರನ್ನು ಹುಡುಕಿ, ಅವರ ಗಿಟಾರ್ ಅನ್ನು ನಿಜವಾದ ಪಿಎ (ಸಭೆಗೆ ಕೇಳಿಸುವ ದೊಡ್ಡ) ಸ್ಪೀಕರ್‌ನಲ್ಲಿ, ಕಾರ್ಯಕ್ರಮದಷ್ಟೇ ಜೋರಿನಲ್ಲಿ ಕೇಳಿ. ಹೆಡ್‌ಫೋನ್ ಬೇಡ. ಮಾನಿಟರ್ ಎದುರು ನಿಂತು ತಂತಿಗಳ ಮೇಲೆ ಕೈ ಇಟ್ಟು ಸುಮ್ಮನಿರಿ. ಆಗಲೂ ಗುಂಯ್ ಎಂದರೆ ಆ ಜೋರಿಗೆ ಅದು ಆಗದು.

ಕಾರ್ಯಕ್ರಮದ ದಿನ ಮಿಕ್ಸರ್‌ನ ನಿಮ್ಮ ಚಾನೆಲ್‌ನಲ್ಲಿ ಇಕ್ಯೂ (ಮಂದ್ರ, ತಾರ ದನಿ ಏರಿಸಿ ಇಳಿಸುವ ಗುಂಡಿಗಳು) ಫ್ಲ್ಯಾಟ್, ಅಂದರೆ ಏನೂ ಏರಿಸದೆ ಇಳಿಸದೆ, ಇಟ್ಟು ಶುರು ಮಾಡಲು ಸೌಂಡ್‌ನವರಿಗೆ ಹೇಳಿ. ಕೇಬಲ್ ಹಾಕುವಾಗ, ತೆಗೆಯುವಾಗ ಮ್ಯೂಟ್ ಮಾಡಿಸಿ. ಬಹುತೇಕ ಗಿಟಾರ್‌ಗಳಲ್ಲಿ ಜ್ಯಾಕೇ ಸ್ವಿಚ್: ಕೇಬಲ್ ಸಿಕ್ಕಿಸಿಟ್ಟು ಊಟಕ್ಕೆ ಹೋದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ದನಿ ಒಡೆದಂತೆ ಕೇಳಿದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಪಿಕಪ್ ಬೈಯಿರಿ.