ಯಾರಿಗೆ ಶಾಲು ಹಾಕಿದ್ದು, ಟೀಚರೇ?

ನಾನು ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್, ಅಂದರೆ ಬೆರಳಿನಿಂದ ಮುಟ್ಟಿ ಓದುವ ಚುಕ್ಕಿ ಲಿಪಿ, ಕಲಿಸುವವಳು. ಒಂದೇ ಶಾಲೆ ಅಂತಿಲ್ಲ. ಸೋಮವಾರ ಪೆರ್ಲ ಕಡೆ, ಮಂಗಳವಾರ ಕುಂಬಳೆ, ಹೀಗೆ ಅರ್ಧ ದಿನ ಬಸ್ಸಿನಲ್ಲೇ ಹೋಗುತ್ತದೆ. ನಮ್ಮಂಥವರನ್ನು ಯಾರೂ ಗುರುತಿಸುವುದಿಲ್ಲ ಎಂದು ಗೊಣಗಿ ಗೊಣಗಿ, ಕೊನೆಗೆ ನಾನೇ ಒಂದು ಸನ್ಮಾನ ಇಟ್ಟುಕೊಂಡೆ. (ಸನ್ಮಾನ ಬೇಡ, ಸಂಬಳ ಸಮಯಕ್ಕೆ ಬಂದರೆ ಸಾಕು ಅನ್ನುವವರೇ ನಮ್ಮಲ್ಲಿ ಜಾಸ್ತಿ. ಅದು ಬೇರೆ ಕಥೆ.)

ಮೊದಲ ವರ್ಷ ಎಲ್ಲ ಎಡವಟ್ಟಾಯಿತು. ನಮ್ಮ ಕಡೆ ಸನ್ಮಾನ ಅಂದರೆ ಗೊತ್ತಲ್ವಾ? ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿದ ಸನ್ಮಾನಪತ್ರ, ಫೋಟೋ. ಎಲ್ಲವೂ ಇತ್ತು. ಒಬ್ಬ ಕಣ್ಣಿನ ಡಾಕ್ಟರನ್ನೂ ಒಬ್ಬ ನಿವೃತ್ತ ಅಧ್ಯಾಪಕರನ್ನೂ ನಾನೇ ಆರಿಸಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ನನ್ನ ಸೆರಗು ಎಳೆದು ಕೇಳಿದಳು: "ಈಗ ಯಾರಿಗೆ ಶಾಲು ಹಾಕಿದ್ದು, ಟೀಚರೇ?"

ಮೈಕ್ ಹಿಡಿದವರು "ಈಗ ಇವರಿಗೆ ಶಾಲು ಹೊದೆಸುತ್ತಾರೆ" ಎಂದಿದ್ದರು, ಅಷ್ಟೇ. ಇವರು ಅಂದರೆ ಯಾರು? ಸುಮ್ನೆ ಚಪ್ಪಾಳೆ ತಟ್ಟುತ್ತಿದ್ದ ಅರ್ಧ ಸಭೆಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ, ಮಾತಾಡಲು ಕರೆದಿದ್ದ ಕಣ್ಣು ಕಾಣದ ಹಿರಿಯರೊಬ್ಬರನ್ನು ಇಬ್ಬರು ಹುಡುಗರು ಎರಡೂ ರಟ್ಟೆ ಹಿಡಿದು ಎತ್ತಿಕೊಂಡು ಹೋದಂತೆ ವೇದಿಕೆ ಹತ್ತಿಸಿದರು. ಅವರು ನಮ್ಮ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಬೇಕು, ನಾವು ಅವರನ್ನು ಹಿಡಿಯುವುದಲ್ಲ. ಇದನ್ನು ದಿನಾ ಹೇಳಿಕೊಡುವವಳು ನಾನು. ಅವತ್ತು ಹುಡುಗರಿಗೆ ಹೇಳಲು ಮರೆತಿದ್ದೆ.

ಮರುವರ್ಷ ಆಯ್ಕೆಯನ್ನು ಕಣ್ಣು ಕಾಣದವರಿಗೂ ಅವರ ಮನೆಯವರಿಗೂ ಬಿಟ್ಟೆ. ಮನೆಮನೆಗೆ ಹೋಗಿ "ನಿಮಗೆ ಸಹಾಯ ಮಾಡಿದವರು ಯಾರು?" ಎಂದು ಕೇಳಿದರೆ "ಎಲ್ಲರೂ ಒಳ್ಳೆಯವರೇ" ಅನ್ನುತ್ತಿದ್ದರು. ಕೆಲವರು ದಾಕ್ಷಿಣ್ಯಕ್ಕೆ ನನ್ನ ಹೆಸರನ್ನೇ ಹೇಳಿದರು. ಪ್ರಶ್ನೆ ಬದಲಾಯಿಸಿದೆ. "ಮೊದಲು ಆಗದಿದ್ದ ಯಾವ ಕೆಲಸ ಈಗ ನೀವೊಬ್ಬರೇ ಮಾಡ್ತೀರಿ? ಅದು ಯಾರಿಂದ ಆಯ್ತು?" ಆಗ ಮಾತು ಹೊರಟಿತು.

ಒಬ್ಬ ತಾಯಿ ಹೇಳಿದ್ದು ಕಣ್ಣು ಪರೀಕ್ಷೆ ಮಾಡುವ ಆಪ್ಟೊಮೆಟ್ರಿಸ್ಟ್ ಹುಡುಗಿಯ ಹೆಸರು. "ನಾಲ್ಕು ವರ್ಷ ಮಂಗಳೂರಿಗೆ ಓಡಾಡಿದೆವು, ಹರಕೆ ಹೊತ್ತೆವು. ಅವಳೊಬ್ಬಳೇ ನಮ್ಮನ್ನು ಕೂರಿಸಿ, ದೃಷ್ಟಿ ಇನ್ನು ಬರ್ಲಿಕ್ಕಿಲ್ಲ, ಮಗನಿಗೆ ಬ್ರೈಲ್ ಕಲಿಸಿ ಅಂದದ್ದು. ಈಗ ಅವನೇ ಪಾಠ ಓದ್ತಾನೆ." ಕೆಟ್ಟ ಸುದ್ದಿ ಹೇಳಿದ್ದಕ್ಕೆ ಸನ್ಮಾನ! ನನ್ನ ತಲೆಗೆ ಹೊಳೆಯುವ ಹೆಸರೇ ಅಲ್ಲ ಅದು.

ಬದಿಯಡ್ಕ ಕಡೆಯ ಒಬ್ಬ ಅಕ್ಕ ಹೇಳಿದ್ದು ಕೋಲು ಹಿಡಿದು ನಡೆಯಲು ಕಲಿಸಿದ ಮಲಯಾಳಿ ಮಾಷ್ಟ್ರ ಹೆಸರು. ಅಕ್ಕನ ಮನೆಯಿಂದ ಬಸ್ ಸ್ಟಾಪಿಗೆ ಬರಲು ಅಡಿಕೆ ತೋಟ ದಾಟಬೇಕು, ನಡುವೆ ನೀರು ಹರಿಯುವ ತೋಡು, ಅದನ್ನು ದಾಟಲು ಒಂದು ಕಾಲುಸಂಕ, ಒಬ್ಬರು ಮಾತ್ರ ನಡೆಯುವಷ್ಟು ಕಿರಿದಾದ ಸೇತುವೆ. ಬಿಳಿ ಕೋಲಿನ ಪಾಠ ರಸ್ತೆಯಲ್ಲಿ ಸುಲಭ: ಎಡಗಾಲು ಮುಂದಿಡುವಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಇಡುವಾಗ ಎಡಕ್ಕೆ. ಸಂಕದ ಮೇಲೆ ಎಡಬಲ ಎಲ್ಲಿದೆ, ಹೇಳಿ? ಮಾಷ್ಟ್ರು ಕೋಲಿನ ತುದಿಯನ್ನು ಸಂಕದ ಒಂದು ಅಂಚಿಗೇ ತಾಗಿಸಿ ಜಾರಿಸಿಕೊಂಡು ಹೋಗಲು ಕಲಿಸಿದರಂತೆ. ಮೊದಲು ಕೆಲವು ದಿನ ಪಕ್ಕದಲ್ಲಿ. ಮತ್ತೆ ಹತ್ತು ಹೆಜ್ಜೆ ಹಿಂದೆ, ಮಾತೇ ಇಲ್ಲ. "ಒಂದು ದಿನ ಬಸ್ ಸ್ಟಾಪಿಗೆ ಬಂದು 'ಮಾಷೇ' ಅಂತ ಕರೆದೆ, ಉತ್ತರವೇ ಇಲ್ಲ. ಅವರು ಸಂಕದ ಹತ್ತಿರವೇ ನಿಂತುಬಿಟ್ಟಿದ್ದರು ಮಾರಾಯ್ರೆ!"

ಕಾರ್ಯಕ್ರಮವನ್ನು ಜನವರಿ 4ಕ್ಕೆ ಇಟ್ಟೆವು. ಈ ಚುಕ್ಕಿ ಲಿಪಿ ಮಾಡಿದ ಲೂಯಿ ಬ್ರೈಲ್ 1809ರಲ್ಲಿ ಹುಟ್ಟಿದ ದಿನ ಅದು. ಮೈಕಿನವರಿಗೆ ಒಂದೇ ಮಾತು ಹೇಳಿದ್ದೆ: 'ಇವರು', 'ಇದು' ಬೇಡ, ಹೆಸರು ಹೇಳಿ. ಯಾರು ಎದ್ದರು, ಯಾರು ಏನು ಕೊಟ್ಟರು, ಎಲ್ಲವನ್ನೂ ಬಾಯಲ್ಲಿ ಹೇಳಿ.

ಸನ್ಮಾನಪತ್ರ ಬ್ರೈಲಿನಲ್ಲಿ ಬರೆದವನು ಒಂಬತ್ತನೇ ಕ್ಲಾಸಿನ ನನ್ನ ಹುಡುಗ. ಬ್ರೈಲ್ ಸ್ಲೇಟಿಗೆ, ಅಂದರೆ ಸಾಲು ಸಾಲು ಕಿಂಡಿಗಳಿರುವ ಚೌಕಟ್ಟಿಗೆ, ದಪ್ಪ ಕಾಗದ ಸಿಕ್ಕಿಸಿ ಮೊನೆಯ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚಬೇಕು. ತಿರುಗಿಸಿದರೆ ಚುಕ್ಕಿಗಳು ಎದ್ದಿರುತ್ತವೆ, ಎಡದಿಂದ ಬಲಕ್ಕೆ ಓದಬಹುದು. ಎರಡು ಕಡೆ ತಪ್ಪಿದ ಚುಕ್ಕಿಯನ್ನು ಅವನು ಉಗುರಿನಲ್ಲಿ ಒತ್ತಿ ಚಪ್ಪಟೆ ಮಾಡಿದ ಗುರುತು ಹಾಗೇ ಇತ್ತು. ಇನ್ನೊಮ್ಮೆ ಬರೆಸಲು ನನಗೆ ಮನಸ್ಸು ಬರಲಿಲ್ಲ. ಫ್ರೇಮ್ ಕೂಡ ಹಾಕಿಸಲಿಲ್ಲ. ಗಾಜಿನೊಳಗೆ ಇಟ್ಟರೆ ಬೆರಳಿಗೆ ಸಿಗುವುದು ಬರೀ ಗಾಜು.

ಮಾಷ್ಟ್ರಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಮಾತ್ರ ಬರುವುದಿಲ್ಲ. ಮಲಯಾಳ ಬ್ರೈಲ್ ಚೆನ್ನಾಗಿ ಗೊತ್ತು. ಭಾರತದ ಭಾಷೆಗಳಿಗೆ ಸಾಮಾನ್ಯವಾಗಿ 1951ರಲ್ಲಿ ಬಂದ ಭಾರತಿ ಬ್ರೈಲಿನಲ್ಲಿ ನಮ್ಮ 'ಕ'ಕ್ಕೂ ಅವರ 'ಕ'ಕ್ಕೂ ಒಂದೇ ಗುರುತು, ಒಂದು ಅಕ್ಷರದ ಆರು ಚುಕ್ಕಿಗಳ ಜಾಗದಲ್ಲಿ 1 ಮತ್ತು 3ನೆಯದು. ಉಳಿದ ಅಕ್ಷರಗಳೂ ಹೆಚ್ಚುಕಡಿಮೆ ಹಾಗೆಯೇ. ಅವರು ಪತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಚುಕ್ಕಿಗಳ ನೆರಳು ನೋಡುತ್ತಾ ಮೈಕಿನಲ್ಲೇ ಕೂಡಿಸಿ ಕೂಡಿಸಿ ಓದತೊಡಗಿದರು: "ಕಾ... ಲು... ಸಂ... ಕ."

ಮುಂದಿನ ಸಾಲಿನಿಂದ ಅಕ್ಕ ಜೋರಾಗಿ ನಕ್ಕರು.