ಮೆತ್ತಿನ ಮೇಲೆ ಉಳಿದ ಮಲ್ಹಾರ

2021ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಗುರುಗಳು ಹೋದರು ಎಂದು ಫೋನ್ ಬಂತು. ಶಿರಸಿಯಿಂದ ಹುಲೇಕಲ್ ರಸ್ತೆ ಹಿಡಿದು ಅವರ ಮನೆಗೆ ಹೊರಟಾಗ ನನ್ನ ಜೇಬಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು. ಸಾವಿನ ಮನೆಗೆ ಅದನ್ನು ಯಾಕೆ ಒಯ್ದೆನೋ ತಿಳಿಯದು, ಬಿಟ್ಟು ಬರಲು ಮನಸ್ಸಾಗಲಿಲ್ಲ. ಅದರಲ್ಲಿ ಅವರು ಹಾಡಿದ್ದು ಸುಮಾರು ಹದಿನಾಲ್ಕು ತಾಸು ಇತ್ತು.

ಅವರಲ್ಲಿ ಆರು ವರ್ಷ ಹಿಂದೂಸ್ತಾನಿ ಕಲಿತವನು ನಾನು. ಹಾಡುವ ಗಂಟಲು ನನ್ನದಲ್ಲ ಎಂದು ಮೊದಲು ಗುರುತಿಸಿದವರೂ ಅವರೇ. "ನಿನ್ ಕಿವಿ ಚೊಲೋ ಇದ್ದು ತಮಾ, ಅದನ್ನೇ ಬೆಳಸು" ಅಂದಿದ್ದರು. ಆ ಮಾತು ಹಿಡಿದು ಧ್ವನಿಮುದ್ರಣ ಕಲಿತೆ, ಶಿರಸಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟೆ. ತಾಳಮದ್ದಳೆ, ಭಜನೆ, ಜಾತ್ರೆಯ ಪ್ರಚಾರ, ಇವು ನಿತ್ಯದ ಕೆಲಸ. ಗುರುಗಳ ಆಲ್ಬಮ್ ಮಾತ್ರ ನನ್ನ ಋಣ.

ಮಲ್ಹಾರ ಎಂಬ ಮಳೆಯ ರಾಗದ ಪ್ರಕಾರಗಳಲ್ಲಿ ಅವರೇ ಕನ್ನಡದಲ್ಲಿ ಕಟ್ಟಿದ ಎಂಟು ಬಂದಿಶ್‌ಗಳು, ಅಂದರೆ ರಾಗಕ್ಕೆ ಹೆಣೆದ ಕಿರುಹಾಡುಗಳು, ಅದರಲ್ಲಿ ಬರಬೇಕಿತ್ತು. ಮಿಯಾ ಮಲ್ಹಾರ, ಗೌಡ ಮಲ್ಹಾರ, ಮೇಘ, ಸೂರ ಮಲ್ಹಾರ, ರಾಮದಾಸಿ ಹೀಗೆ. ಮೂವತ್ತು ವರ್ಷ ತೋಟದ ಕೆಲಸದ ನಡುವೆ ಹುಟ್ಟಿದವು. ಎಲ್ಲೂ ಅಚ್ಚಾಗಿರಲಿಲ್ಲ, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಇದ್ದವು ಅಷ್ಟೆ.

ಮಳೆಯ ರಾಗಗಳನ್ನು ಮಳೆಗಾಲದಲ್ಲೇ ಮುದ್ರಿಸುವುದು ನಮ್ಮ ಕಡೆ ಆಗದ ಮಾತು. ಹಂಚಿನ ಮಾಡಿನ ಮೇಲೆ ಮಳೆ ಕುಟ್ಟುವಾಗ ಆಲಾಪ ಕೇಳುವುದಿಲ್ಲ. ಕರೆಂಟ್ ಹೋಗುತ್ತಲೇ ಇರುತ್ತದೆ. ತಬಲಾದ ಚರ್ಮ ತೇವ ಕುಡಿದು ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂನ ಒಂದೆರಡು ಮನೆ ಒತ್ತಿದರೆ ಮೇಲೇಳುವುದೇ ಇಲ್ಲ. ಬೇಸಿಗೆಗೆ ಕಾದರೆ ಜೀರುಂಡೆ ಶುರುವಾಗುತ್ತದೆ. ಸಿಗುವುದು ಅಡಿಕೆ ಕೊಯ್ಲು ಮುಗಿಯುತ್ತ ಬರುವ ಜನವರಿ, ಫೆಬ್ರವರಿ ಮಾತ್ರ. ಮಾಘದ ಚಳಿಯಲ್ಲಿ ಮಲ್ಹಾರ ಹಾಡುವುದಕ್ಕೆ ಗುರುಗಳು ತುಂಬ ಹಿಂದೇಟು ಹಾಕಿದರು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಹೊರಬರುವುದಾದರೆ ಆರಿದ್ರಾ ಮಳೆಯಲ್ಲೇ ಹೊರಬರಬೇಕು.

ಮುದ್ರಣ ನನ್ನ ಸ್ಟುಡಿಯೋದಲ್ಲಿ ಆಗಲಿಲ್ಲ, ಅವರ ಮನೆಯ ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಆಯಿತು. ಮರದ ಹಲಗೆಯ ನೆಲ, ಮರದ ಮುಚ್ಚಿಗೆ. ಕಿಟಕಿಗೆ ಕಂಬಳಿ ಕಟ್ಟಿ, ಮೂಲೆಗಳಿಗೆ ತುಂಬಿದ ಅಡಿಕೆ ಚೀಲ ಒಟ್ಟಿದೆ. ಅಂಥ ಬೆಚ್ಚನೆಯ ನಾದ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹಾಡುವವರಿಗೆ ಒಂದು ಮೈಕ್, ತಬಲಾಕ್ಕೆ ಎರಡು, ಹಾರ್ಮೋನಿಯಂಗೆ ಒಂದು. 2020ರ ಜನವರಿಯಲ್ಲಿ ಶುರು ಮಾಡಿದೆವು. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ, ಅದು ಮುಗಿಯಲಿ ಎಂದು ನಿಲ್ಲಿಸಿದೆವು. ಜಾತ್ರೆ ಮುಗಿಯಿತು, ಹಿಂದೆಯೇ ಲಾಕ್‌ಡೌನ್ ಬಂತು. ಮತ್ತೆ ಮೈಕ್ ಹೂಡಿದ್ದು 2021ರ ಫೆಬ್ರವರಿಯಲ್ಲಿ.

ಅವರು ಹೋದಾಗ ಲೆಕ್ಕ ಹೀಗಿತ್ತು. ಐದು ಬಂದಿಶ್ ಪೂರ್ತಿ. ಎರಡಕ್ಕೆ ಹಲವು ಟೇಕ್‌ಗಳಿದ್ದವು, ಯಾವುದೂ ಅವರ ಒಪ್ಪಿಗೆ ಪಡೆದಿರಲಿಲ್ಲ. ರಾಮದಾಸಿ ಮಲ್ಹಾರಕ್ಕೆ ಬರೀ ಸ್ಥಾಯಿ, ಅಂದರೆ ಹಾಡಿನ ಮೊದಲ ಭಾಗ.

ಗುರುಗಳ ವರ್ಷಾಂತ, ಮೊದಲ ವರ್ಷದ ತಿಥಿ, ಆಗುವವರೆಗೆ ಡಿಸ್ಕ್ ತೆರೆಯಲಿಲ್ಲ. ತೆರೆದ ದಿನ ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಬದಲಾಗಿತ್ತು, ಎರಡು ಪ್ಲಗಿನ್‌ಗಳ ಪರವಾನಗಿ ತೀರಿತ್ತು, ಪ್ರಾಜೆಕ್ಟ್ ಅರ್ಧಂಬರ್ಧ ತೆರೆದುಕೊಂಡಿತು. ಪುಣ್ಯಕ್ಕೆ ಮೂಲ ಕಡತಗಳು 24 ಬಿಟ್, 48 ಕಿಲೋಹರ್ಟ್ಸ್ ವೇವ್ ರೂಪದಲ್ಲಿ ಬೇರೆಯಾಗಿ ಇದ್ದವು. ಈ ಕೆಲಸ ಮಾಡುವ ಹುಡುಗರಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ. ಪ್ರತಿ ಮೈಕಿನ ಧ್ವನಿಯನ್ನೂ ಒಂದೇ ಸೊನ್ನೆ ಸಮಯದಿಂದ ಶುರುವಾಗುವ ಒಂದೊಂದು ವೇವ್ ಕಡತವಾಗಿ ಅಂದಂದೇ ತೆಗೆದಿಡಿ, ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡಿ.

ಆಮೇಲೆ ಕಾಗದದ ಕೆಲಸ. ಹಾಡು, ರಾಗಸಂಯೋಜನೆ ಎರಡೂ ಗುರುಗಳದ್ದೇ ಆದ್ದರಿಂದ ಹಕ್ಕು ವಾರಸುದಾರರಿಗೆ ಬರುತ್ತದೆ: ಹೆಂಡತಿ, ಮಗ, ಮಗಳು. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದೆವು. 1957ರ ಕೃತಿಸ್ವಾಮ್ಯ ಕಾಯ್ದೆಯ 24ನೇ ಕಲಮು ಇಂಥ ಸಂದರ್ಭಕ್ಕೇ ಇದೆ. ಕರ್ತೃ ತೀರಿಕೊಂಡ ಮೇಲೆ ಮೊದಲ ಬಾರಿ ಪ್ರಕಟವಾಗುವ ಕೃತಿಗೆ 60 ವರ್ಷದ ರಕ್ಷಣೆ ಪ್ರಕಟಣೆಯಿಂದ ಎಣಿಕೆಯಾಗುತ್ತದೆ, ಸಾವಿನಿಂದಲ್ಲ. ತಬಲಾ, ಹಾರ್ಮೋನಿಯಂ ನುಡಿಸಿದವರಿಗೂ ಪ್ರದರ್ಶಕರ ಹಕ್ಕಿದೆ, ಅದು 50 ವರ್ಷ. ಅವರ ಒಪ್ಪಿಗೆಯನ್ನೂ ಬರೆಸಿಕೊಂಡೆ. "ನಮ್ಮನಮ್ಮಲ್ಲಿ ಕಾಗದ ಎಂತಕ್ಕೆ?" ಎಂದು ತಬಲಾದವರು ನೊಂದುಕೊಂಡರು. ನಾಳೆ ನಾನೂ ಇರದಿದ್ದಾಗ ನಿಮ್ಮ ಹೆಸರು ಅಳಿಯಬಾರದು, ಅದಕ್ಕೇ ಕಾಗದ ಎಂದೆ. ಸಹಿ ಮಾಡಿದರು.

ನಿಜವಾದ ಕೆಲಸ ಅಲ್ಲಿಂದ ಮುಂದಿನದು. ಮೊದಲ ದಿನವೇ ಗುರುಪತ್ನಿಯನ್ನು, ನಾವೆಲ್ಲ ಅಮ್ಮ ಎನ್ನುವವರನ್ನು, ಹೇಗೆ ಮಾಡಲಿ ಎಂದು ಕೇಳಿದೆ. ಅವರು ಅಡಿಕೆ ಸುಲಿಯುತ್ತ ಕುಳಿತಿದ್ದರು. "ಅವು ಹಾಡಿದ್ದು ಹಾಕು. ಹಾಡ್ದೇ ಇದ್ದದ್ದು ಬ್ಯಾಡ." ಇಷ್ಟೇ ಹೇಳಿದ್ದು. ಎರಡು ವರ್ಷ ಆ ಮಾತನ್ನು ಅಳತೆಗೋಲಾಗಿ ಇಟ್ಟುಕೊಂಡೆ, ಒಮ್ಮೆ ತಪ್ಪಿದೆ. ಅದನ್ನು ಮುಂದೆ ಹೇಳುತ್ತೇನೆ.

ಗೌಡ ಮಲ್ಹಾರದ ವಿಲಂಬಿತದಲ್ಲಿ, ಅಂದರೆ ನಿಧಾನ ಲಯದ ಭಾಗದಲ್ಲಿ, ಒಂದು ಕಡೆ ಅವರಿಗೆ ಕೆಮ್ಮು ಬಂದಿತ್ತು. ಏಕತಾಲದ 12 ಮಾತ್ರೆಗಳ ಒಂದು ಆವರ್ತನ ಅಲ್ಲಿ ಮುಕ್ಕಾಲು ನಿಮಿಷಕ್ಕೂ ಮಿಕ್ಕಿ ಉದ್ದ. ಕೆಮ್ಮನ್ನಷ್ಟೇ ಕತ್ತರಿಸಲು ಬರುವುದಿಲ್ಲ, ಯಾಕೆಂದರೆ ಹಾಡಿನ ಮೈಕಿನಲ್ಲಿ ತಬಲಾವೂ ಸೇರಿಕೊಂಡಿರುತ್ತದೆ, ತಾಳದ ಬಡಿತವಾದ ಠೇಕಾ ಮುರಿಯುತ್ತದೆ. ಆವರ್ತನದ ಮೊದಲ ಮಾತ್ರೆಗೆ ಸಮ ಎನ್ನುತ್ತಾರೆ; ಸಮದಿಂದ ಸಮಕ್ಕೆ ಇಡೀ ಆವರ್ತನವನ್ನೇ ತೆಗೆದೆ. ಲಯ ಒಂದೇ ಹದದಲ್ಲಿ ಇದ್ದದ್ದರಿಂದ ಹೊಲಿಗೆ ಕಾಣಲಿಲ್ಲ. ತೆಗೆಯುವುದು ತಪ್ಪಲ್ಲ ಅನ್ನಿಸಿತು, ಅವರೇ ಕೂತಿದ್ದರೂ ಅದನ್ನು ತೆಗೆಸುತ್ತಿದ್ದರು.

ಮಿಯಾ ಮಲ್ಹಾರ ತೊಡಕಿನದು. 2020ರ ವಿಲಂಬಿತದಲ್ಲಿ ಕೋಮಲ ಗಾಂಧಾರದ ಆಂದೋಲನ ನೀರಿನ ಮೇಲಿನ ಎಲೆಯ ಹಾಗಿದೆ, ಆದರೆ ಆ ದಿನದ ದ್ರುತ್, ವೇಗದ ಭಾಗ, ಸಪ್ಪೆ. 2021ರ ದ್ರುತ್ ತೀನ್‌ತಾಲ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಎರಡನ್ನೂ ಜೋಡಿಸೋಣ ಎಂದು ಕೂತೆ. ಎರಡೂ ಕಾಳಿ ಒಂದರಲ್ಲೇ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲೇ, ಹಾಡಿದ್ದು, ಆದರೂ ತಂಬೂರಿ ಶ್ರುತಿಯಲ್ಲಿ 12 ಸೆಂಟ್ ವ್ಯತ್ಯಾಸ ಬಂತು. ಪಕ್ಕದ ಎರಡು ಸ್ವರಗಳ ನಡುವಿನ ಜಾಗವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹನ್ನೆರಡು ಪಾಲು. ಬೇರೆ ಬೇರೆಯಾಗಿ ಕೇಳಿದರೆ ಯಾರಿಗೂ ತಿಳಿಯದು, ಒಂದರ ಬೆನ್ನಿಗೆ ಒಂದು ಬಂದರೆ ನೆಲ ಕುಸಿದ ಹಾಗಾಗುತ್ತದೆ. ಎಲ್ಲ ಮೈಕ್‌ಗಳನ್ನೂ ಒಟ್ಟಿಗೆ 12 ಸೆಂಟ್ ಸರಿಸಿದೆ. ಶ್ರುತಿ ಕೂಡಿತು, ಧ್ವನಿ ಕೂಡಲಿಲ್ಲ. ಆ ಒಂದು ವರ್ಷದಲ್ಲಿ ಗುರುಗಳ ಧ್ವನಿ ತೆಳ್ಳಗಾಗಿತ್ತು, ಎದೆಯ ತುಂಬಿಗೆ ಕಡಿಮೆಯಾಗಿ ಅಂಚು ಹರಿತವಾಗಿತ್ತು. ಎರಡು ಕಾಲದ ಮನುಷ್ಯನನ್ನು ಒಂದೇ ಆಸನದಲ್ಲಿ ಕೂರಿಸಿದಂತೆ ಕೇಳಿಸಿತು. ಸರಿಸಿದ್ದನ್ನು ರದ್ದು ಮಾಡಿ ಎರಡೂ ಬೇರೆ ಬೇರೆ ಟ್ರ್ಯಾಕ್ ಆಗಲಿ, ಹಾಡಿದ ತಿಂಗಳು ಜೊತೆಗಿರಲಿ ಎಂದು ತೀರ್ಮಾನಿಸಿದೆ. ಈಗಲೂ ಅದೇ ಸರಿ ಎನ್ನುತ್ತೇನೆ.

ಗದ್ದಲ ತೆಗೆಯುವಾಗ ದೊಡ್ಡ ತಪ್ಪು ಮಾಡಿದೆ. ಕರೆಂಟ್ ಹೋದಾಗಲೆಲ್ಲ ಇನ್ವರ್ಟರ್ ಮೇಲೆ ಮುದ್ರಿಸಿದ್ದೆವು, ಅದರ ಗುಂಯ್ ಸದ್ದು 50, 100, 150 ಹರ್ಟ್ಸ್‌ನಲ್ಲಿ ಎಳೆ ಎಳೆಯಾಗಿ ಕೂತಿತ್ತು. ಕಾಳಿ ಒಂದರಲ್ಲಿ ಗುರುಗಳ ಮಧ್ಯ ಷಡ್ಜ 138 ಹರ್ಟ್ಸ್ ಆಸುಪಾಸು. ಅಗಲವಾಗಿ ಕತ್ತರಿಸಿದರೆ ಷಡ್ಜವೇ ಸವೆಯುತ್ತದೆ, ಕೂದಲೆಳೆಯಷ್ಟು ಸಪೂರಾಗಿ ಕತ್ತರಿಸಬೇಕು. ಅದನ್ನು ಜಾಗ್ರತೆಯಿಂದ ಮಾಡಿದೆ. ಆದರೆ ಜೀರುಂಡೆ ತೆಗೆಯಲು ಹೋದವನು ಸಾಫ್ಟ್‌ವೇರ್ ಕೈಗೆ ಎಲ್ಲ ಕೊಟ್ಟುಬಿಟ್ಟೆ. ಅದು ಜೀರುಂಡೆಯ ಜೊತೆ ತಂಬೂರಿಯ ತಂತಿಯ ಝೇಂಕಾರವಾದ ಜವಾರಿಯನ್ನೂ ಗುರುಗಳ ಉಸಿರನ್ನೂ ಒಯ್ದಿತು. ಹಾಡು ಚೊಕ್ಕವಾಯಿತು ಎಂದು ಹಿಗ್ಗಿ ಅಮ್ಮನಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ, "ಇವ್ರು ಉಸಿರೇ ತಗಳ್ತ್ವಿಲ್ಲೆ" ಎಂದರು.

ಮೂರು ತಿಂಗಳ ಕೆಲಸ ಪಕ್ಕಕ್ಕಿಟ್ಟು ಮತ್ತೆ ಮೂಲಕ್ಕೆ ಹೋದೆ. ಈ ಸಲ ಉಸಿರು ಉಸಿರನ್ನೂ ಕೈಯಿಂದ ಗುರುತು ಹಾಕಿ ಕಾಪಾಡಿದೆ. ಮೇಘದ ಆಲಾಪಕ್ಕೆ ಮುಂಚೆ ಅವರು ಕವಳದ, ಅಂದರೆ ಎಲೆ-ಅಡಿಕೆಯ, ಬಟ್ಟಲನ್ನು ಹಿಂದಕ್ಕೆ ಸರಿಸಿದ ಸದ್ದು ಇತ್ತು, ಅದನ್ನೂ ಉಳಿಸಿದೆ. ಬಟ್ಟಲು ಸರಿಸುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಆಮೇಲೆ ಷಡ್ಜ. ನಮ್ಮ ಪಾಠವೂ ಹಾಗೇ ಶುರುವಾಗುತ್ತಿತ್ತು.

ಇನ್ನು ರಾಮದಾಸಿ. "ಘಟ್ಟ ಹತ್ತಿ ಬಂದ ಮುಗಿಲೇ" ಎಂದು ಸ್ಥಾಯಿ. ಎರಡೂ ಗಾಂಧಾರಗಳ ನಡುವೆ ಆ "ಮುಗಿಲೇ" ತೂಗುವ ಬಗೆ ಬರೆದು ತೋರಿಸಲು ನನಗೆ ಬಾರದು. ಎರಡನೇ ಭಾಗವಾದ ಅಂತರಾ ಮೆತ್ತಿನ ಮೇಲೆ ಮುದ್ರಣವಾಗಲೇ ಇಲ್ಲ. 2021ರ ಮಾರ್ಚ್‌ನಲ್ಲಿ ಒಂದು ಸಂಜೆ ತೋಟದಿಂದ ನನಗೆ ವಾಟ್ಸಾಪ್‌ನಲ್ಲಿ ಹಾಡಿ ಕಳಿಸಿದ್ದರು, "ಇದು ಹೀಂಗೆ ಬಂತು, ಇಟ್ಕ" ಎಂಬ ಮಾತಿನೊಡನೆ. 52 ಸೆಕೆಂಡು. ಹಿಂದೆ ಕಾಲುವೆಯ ನೀರು, ತರಗೆಲೆಯ ಮೇಲೆ ಅವರ ಹೆಜ್ಜೆ.

ಹಿರಿಯ ಶಿಷ್ಯರೊಬ್ಬರು ಅಂತರಾ ತಾವು ಹಾಡುತ್ತೇವೆ ಎಂದರು. ಪ್ರೀತಿಯಿಂದಲೇ ಹೇಳಿದ್ದು, ಅವರು ಹಾಡಬಲ್ಲವರೂ ಹೌದು. ಬೆಂಗಳೂರಿನಲ್ಲಿರುವ ಮಗನ ವಿಚಾರ ಬೇರೆ. 2023ರ ನವೆಂಬರ್‌ನಲ್ಲಿ ಬೀಟಲ್ಸ್ ತಂಡದವರು, 1980ರಲ್ಲಿ ಕೊಲೆಯಾದ ಜಾನ್ ಲೆನನ್ ಹಾಡಿಟ್ಟಿದ್ದ ಹಳೆಯ ಕ್ಯಾಸೆಟ್‌ನಿಂದ ಅವರ ಧ್ವನಿಯನ್ನು ಪಿಯಾನೋದಿಂದ ಬೇರ್ಪಡಿಸಿ ಹೊಸ ಹಾಡು ಹೊರತಂದರು. ಆ ಸುದ್ದಿ ಕಳಿಸಿ ಮಗ ಕೇಳಿದ: ನಮಗೂ ಆಗುವುದಿಲ್ಲವೇ? ಅಲ್ಲಿ ಮಾಡಿದ್ದು ಲೆನನ್ ನಿಜವಾಗಿ ಹಾಡಿದ್ದನ್ನು ಬಿಡಿಸಿಕೊಂಡದ್ದು, ಹಾಡದ್ದನ್ನು ಹಾಡಿಸಿದ್ದಲ್ಲ ಎಂದು ವಿವರಿಸಿದೆ. ಬಿಡಿಸುವ ಪ್ರಯತ್ನ ನಾನೂ ಮಾಡಿದೆ. ನೀರಿನ ಸದ್ದು ಹೋಯಿತು, ಜೊತೆಗೆ ವ್ಯಂಜನಗಳ ತುದಿ ಕರಗಿ "ಮುಗಿಲೇ" ಎಂಬುದು "ಮುಯಿಲೇ" ಆಯಿತು.

ಒಂದು ರಾತ್ರಿ ಅಮ್ಮನ ಅಳತೆಗೋಲು ಮರೆತೆ. ಯಾರಿಗೂ ಹೇಳದೆ, ಗುರುಗಳ ಧ್ವನಿಯನ್ನು ಕಲಿಸಿದರೆ ಅದೇ ಧ್ವನಿಯಲ್ಲಿ ಹಾಡುವ ತಂತ್ರಾಂಶಕ್ಕೆ ಎರಡು ತಾಸಿನ ಹಾಡು ಉಣಿಸಿ, ನಾನೇ ಅಂತರಾ ಹಾಡಿ, ಅವರ ಧ್ವನಿಗೆ ಬದಲಿಸಿದೆ. ಹೆಡ್‌ಫೋನ್‌ನಲ್ಲಿ ಅವರೇ ಬಂದರು. ಗಾಂಧಾರ ಸರಿಯಿತ್ತು, ನಾದ ಸರಿಯಿತ್ತು. ನನ್ನ ಕಣ್ಣು ತುಂಬಿತು. ಎರಡನೇ ಸಲ ಕೇಳಿದಾಗ ಗೊತ್ತಾಯಿತು: ಗುರುಗಳು "ಮುಗಿಲೇ" ಎನ್ನುವ ಮುಂಚೆ ಸಣ್ಣದಾಗಿ ಉಸಿರೆಳೆದುಕೊಳ್ಳುತ್ತಿದ್ದರು, ಇಲ್ಲಿ ಉಸಿರು ಬಿದ್ದದ್ದು ಅದಾದ ಮೇಲೆ, ನನ್ನ ಉಸಿರು ಬೀಳುವ ಜಾಗದಲ್ಲಿ. ಅವರ ಧ್ವನಿಯೊಳಗೆ ನಾನು ಕೂತಿದ್ದೆ. ಗುರುವಿನ ಗಂಟಲನ್ನು ಕೇಳದೆ ತೊಟ್ಟುಕೊಂಡ ಹಾಗೆ ಅನ್ನಿಸಿ ಕೈ ನಡುಗಿತು. ಆ ಕಡತವನ್ನೂ ಕಲಿಸಿದ ಮಾದರಿಯನ್ನೂ ಅಂದೇ ಅಳಿಸಿದೆ. ಮರುದಿನ ಅಮ್ಮನಿಗೆ ಹೋಗಿ ಹೇಳಿದೆ. ಬೈಯಲಿಲ್ಲ. ತೋಟದಲ್ಲಿ ಹಾಡಿದ್ದನ್ನು ಮತ್ತೊಮ್ಮೆ ಹಾಕು ಎಂದರು, ಹಾಕಿದೆ. "ಇದೇ ಸಾಕಲ" ಎಂದರು.

ಆಲ್ಬಮ್‌ನಲ್ಲಿ ಅದು ಹಾಗೇ ಇದೆ. ಸ್ಥಾಯಿ ಮುಗಿದು ತಬಲಾ ನಿಲ್ಲುತ್ತದೆ, ತಂಬೂರಿ ಇಳಿಯುತ್ತದೆ, ಕಾಲುವೆಯ ನೀರು ಕೇಳುತ್ತದೆ. ಫೋನಿನ ತೆಳು ಧ್ವನಿಯಲ್ಲಿ ಅಂತರಾ, ಹೆಜ್ಜೆಯ ಸದ್ದಿನೊಡನೆ.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ಹೊಂದಾಣಿಕೆಯ ಬಗ್ಗೆ ಎರಡು ಮಾತು. ಸ್ಪಾಟಿಫೈ ಹಾಡುಗಳನ್ನು ಸುಮಾರು ಮೈನಸ್ 14 ಲಫ್ಸ್ (ಧ್ವನಿಯ ಗಟ್ಟಿತನದ ಅಳತೆ) ಮಟ್ಟಕ್ಕೆ ಹೊಂದಿಸುತ್ತದೆ, ಎಲ್ಲರೂ ಅಲ್ಲಿಗೆ ಏರಿಸು ಎನ್ನುತ್ತಾರೆ. ಖಯಾಲ್ ಗಾಯನಕ್ಕೆ ಅದು ಹಿಂಸೆ. ಆಲಾಪದ ಪಿಸುಮಾತನ್ನೂ ವೇಗದ ತಾನ್‌ಗಳ ಅಬ್ಬರವನ್ನೂ ಒಂದೇ ಎತ್ತರಕ್ಕೆ ತಟ್ಟಿದಂತಾಗುತ್ತದೆ. ನಾನು ಮೈನಸ್ 18ರ ಹತ್ತಿರ ನಿಲ್ಲಿಸಿದೆ. ಹೆಸರುಗಳನ್ನು ತುಂಬುವಾಗಲೂ ಆತುರ ಬೇಡ. ಪ್ರತಿ ಟ್ರ್ಯಾಕಿಗೆ ಅದನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಬೇಕು. ಸಾಹಿತ್ಯ, ಸಂಯೋಜನೆ ಎಂಬಲ್ಲಿ ಎಲ್ಲ ಕಡೆ ಒಂದೇ ಕಾಗುಣಿತ ಇರಬೇಕು, ಇಲ್ಲದಿದ್ದರೆ ಒಬ್ಬರೇ ಕಲಾವಿದರು ಇಬ್ಬರಾಗುತ್ತಾರೆ, ಬರಬೇಕಾದ ಗೌರವಧನ ದಾರಿ ತಪ್ಪುತ್ತದೆ.

2024ರ ಜೂನ್ 23ರ ಭಾನುವಾರ, ಆರಿದ್ರಾ ಮಳೆಯಲ್ಲಿ, ಬಿಡುಗಡೆಯಾಯಿತು. ಊರಿನ ಹಿರಿಯರಿಗಾಗಿ ಇನ್ನೂರು ಪೆನ್‌ಡ್ರೈವ್ ಕೂಡ ಮಾಡಿಸಿದ್ದೆವು, ನೆಟ್‌ವರ್ಕ್ ಸಿಗದ ಮನೆಗಳಿಗೆ ಅದೇ ದಾರಿ. ಮೆತ್ತಿನ ಮೇಲೆ ಕಂಬಳಿ ಹಾಸಿ ಮೂವತ್ತು ಜನ ಕೂತೆವು. ಮೇಘ ಶುರುವಾಗಿ ಕವಳದ ಬಟ್ಟಲು ಸರಿದ ಸದ್ದಿಗೆ ಹಿಂದೆ ಕೂತಿದ್ದ ತಬಲಾದವರು ತಲೆ ತಗ್ಗಿಸಿದರು. ಷಡ್ಜ ಬರುವ ಹೊತ್ತಿಗೆ ಹಂಚಿನ ಮೇಲೆ ಮಳೆ ಹೊಡೆಯಿತು, ಏನೂ ಕೇಳಲಿಲ್ಲ. ನಿಲ್ಲಿಸಿದೆ. ಯಾರೂ ಎದ್ದು ಹೋಗಲಿಲ್ಲ. ಮುಕ್ಕಾಲು ತಾಸು ಕಾದು, ಮಳೆ ಸಣ್ಣಗಾದ ಮೇಲೆ ಮೊದಲಿನಿಂದ ಹಾಕಿದೆ.

ಆ ಹದಿನಾಲ್ಕು ತಾಸಿನಲ್ಲಿ ಹೊರಬಂದದ್ದು ಒಂದು ತಾಸು ಎಂಟು ನಿಮಿಷ. ಉಳಿದದ್ದರಲ್ಲಿ ಗುರುಗಳು ನಡುವೆ ನಿಲ್ಲಿಸಿ "ಸರಿ ಆಜಿಲ್ಲೆ" ಎಂದ ಟೇಕ್‌ಗಳೂ, ನನಗೆ ತಿದ್ದಿ ಹೇಳಿದ ಪಾಠಗಳೂ ಇವೆ. ಎರಡು ಕಂಪನಿಗಳವರು ಅದನ್ನೂ ಕೇಳಿದರು. ಅಮ್ಮ, ಮಗ, ಮಗಳು ಸಹಿ ಹಾಕಿದ ಒಂದು ಹಾಳೆ ಡಿಸ್ಕಿನ ಪೆಟ್ಟಿಗೆಯಲ್ಲಿದೆ: ಕಲಿಯುವವರು ಮನೆಗೆ ಬಂದು ಮೆತ್ತಿನ ಮೇಲೆ ಕೂತು ಕೇಳಬಹುದು, ಪ್ರತಿ ಮಾಡುವಂತಿಲ್ಲ. ಕಳೆದ ಜನವರಿಯಿಂದ ಇಬ್ಬರು ಹುಡುಗಿಯರು ಯಲ್ಲಾಪುರದಿಂದ ಭಾನುವಾರ ಬರುತ್ತಿದ್ದಾರೆ. ರಾಮದಾಸಿಯ ಅಂತರಾ ಒಬ್ಬಳಿಗೆ ಕೂತಿದೆ.